ಚೂರಿನ ಡಬ್ಬಿಯ ಸರ್ವಮಂಗಳಜ್ಜಿಗೆ

ದಾವಣಗೆರೆ
ಇಸವಿ ೨೨೦೩, ಫೆಬ್ರವರಿ ಮೂವತ್ತು

ಸರ್ವಮಂಗಳಜ್ಜಿಯವರಿಗೆ ಶರಣು ಶರಣಾರ್ಥಿ.

ತಾರೀಕು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮ ಕಾಲದವರು ಹಳೆಯ ಅನ್ಯಾಯವೊಂದನ್ನು ಸರಿಪಡಿಸಿದ್ದಾರೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಗೋಡೆ ಕ್ಯಾಲೆಂಡರುಗಳಿಂದ, ಅವುಗಳ ಮೇಲೆ ಹೆಂಗಸರು ಗೀಚಿಟ್ಟ ಹಾಲಿನ, ಗ್ಯಾಸಿನ ಟಿಪ್ಪಣಿಗಳಿಂದ. ನನಗೀಗ ಅರವತ್ತೊಂದು, ನಿಮಗೆ ಮೂವತ್ತೆಂಟು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ. ಪತ್ರ ಶುರುಮಾಡುವಾಗ ಕ್ಷೇಮ ಕೇಳುವುದು ಪದ್ಧತಿ. ನಾನು ಕೇಳುವುದಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು ಎಂಬುದು ನನಗೆ ಗೊತ್ತು.

ನಿಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿರುವ ಕ್ಯಾಲೆಂಡರು ಈಗ ನಮ್ಮ ಮನೆಯಲ್ಲಿದೆ. ಗಾಜಿನ ಚೌಕಟ್ಟು ಹಾಕಿಸಿ, ಪಡಸಾಲೆಯಲ್ಲಿ, ಬಂದವರಿಗೆಲ್ಲ ಮೊದಲು ಕಾಣುವ ಹಾಗೆ ಇಟ್ಟಿದ್ದೇವೆ. ಊಟದ ಮೇಲೆ ಏನೂ ತಿನ್ನದ ರಾತ್ರಿಗೆ ಒಂದು ಗೀಟು, ತಿಂದ ರಾತ್ರಿಗೆ ಒಂದು ಸೊನ್ನೆ. ಮೊದಲ ನಲವತ್ತು ದಿನಗಳ ಮನೆಗಳಲ್ಲಿ ಸೊನ್ನೆಗಳೇ ಹೆಚ್ಚು ಎಂದು ನಾನೂ ಒಪ್ಪುತ್ತೇನೆ. ನಲವತ್ತೊಂದನೆಯ ಮನೆಯಲ್ಲಿ ಪೆನ್ನು ಎಷ್ಟು ಸಿಟ್ಟಿನಿಂದ ಒತ್ತಿದ್ದೀರೆಂದರೆ ಕಾಗದ ಹರಿದಿದೆ. ಪಕ್ಕದಲ್ಲಿ ನಿಮ್ಮದೇ ಅಕ್ಷರ: ‘ಅರ್ಧ ಡಬ್ಬಿ ಖಾಲಿ. ನನ್ ಕೈಲಿ ಆಗಲ್ಲ.’ ಅದು ನಿನ್ನೆಯ ಮನೆ. ಅದಕ್ಕೇ ಈ ಪತ್ರವನ್ನು ಇವತ್ತಿಗೆ ಮುಟ್ಟುವಂತೆ ಕಳಿಸುತ್ತಿದ್ದೇನೆ.

ಸೀರೆ ಚೆನ್ನಾಗಿ ಕಾಣಲಿ ಎಂದು ನೀವು ತೂಕ ಇಳಿಸುತ್ತಿಲ್ಲ ಎಂಬುದು ನಮ್ಮ ಮನೆಯ ಸಣ್ಣ ಮಕ್ಕಳಿಗೂ ತಿಳಿದಿದೆ. ನಿಮ್ಮ ತಂಗಿ ಶಶಿರೇಖಾಳ ಯಕೃತ್ತು ಕೈಕೊಟ್ಟಿದೆ. ಅವಳಿಗೆ ಹೊಂದುವುದು ನಿಮ್ಮದೊಂದೇ. ಆದರೆ ನಿಮ್ಮ ಯಕೃತ್ತಿನಲ್ಲೂ ಕೊಬ್ಬು ತುಂಬಿದೆ, ಎಪ್ಪತ್ತು ದಿನದಲ್ಲಿ ಏಳು ಕಿಲೋ ಇಳಿದು ಕೊಬ್ಬು ಕರಗಿದರೆ ಮಾತ್ರ ಒಂದು ಭಾಗ ತೆಗೆದು ಅವಳಿಗೆ ಜೋಡಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಲವತ್ತೊಂದು ದಿನ ಕಳೆದಿವೆ. ಇಳಿದಿರುವುದು ಎರಡು ಕಿಲೋ. ಶಶಿರೇಖಾಳ ಕಣ್ಣು ಅರಿಸಿನದ ಹಾಗೆ ಹಳದಿಯಾಗಿದೆ. ಅವಳಿಗೆ ಮುಖ ತೋರಿಸಲು ನಾಚಿ ನೀವು ಮೂರು ದಿನದಿಂದ ಆಸ್ಪತ್ರೆಗೆ ಹೋಗಿಲ್ಲ.

ಅಜ್ಜಿ, ನಾಚಿಕೆ ಬಿಡಿ. ನಿಮ್ಮ ತಪ್ಪು ಹೊಟ್ಟೆಬಾಕಿಯ ತಪ್ಪಲ್ಲ, ಚಕ್ಕುಲಿ ಕರಿಯುವವರಿಗೆ ಮಾತ್ರ ಆಗುವ ತಪ್ಪು. ಬೆಳಗಿನಿಂದ ಬಾಣಲೆಯ ಮುಂದೆ ಕೂತು ದೀಪಾವಳಿ ಆರ್ಡರಿನ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕರಿಯುತ್ತೀರಿ. ಎಣ್ಣೆಯ ವಾಸನೆಗೆ ಸಂಜೆ ಹೊತ್ತಿಗೆ ಊಟವೇ ಬೇಡವೆನ್ನಿಸುತ್ತದೆ. ಊಟ ಬಿಟ್ಟೆ, ತೂಕ ಇಳಿಯುತ್ತದೆ ಎಂದು ಖುಷಿಯಾಗಿ ಮಲಗುತ್ತೀರಿ. ಹನ್ನೊಂದಕ್ಕೆ ಹೊಟ್ಟೆ ಎಬ್ಬಿಸುತ್ತದೆ. ಆಗ ಕೈ ನೇರ ಹೋಗುವುದು ಚೂರಿನ ಡಬ್ಬಿಗೆ. ಮುರಿದ ಚಕ್ಕುಲಿ ಗಿರಾಕಿಗೆ ಕೊಡುವಂತಿಲ್ಲ, ಅದು ಲೆಕ್ಕಕ್ಕಿಲ್ಲದ ಮಾಲು. ಗಿರಾಕಿಯ ಲೆಕ್ಕಕ್ಕಿಲ್ಲದ್ದು ಹೊಟ್ಟೆಯ ಲೆಕ್ಕಕ್ಕೂ ಇಲ್ಲ ಎಂದು ನೀವು ಹೇಗೋ ನಂಬಿಬಿಟ್ಟಿದ್ದೀರಿ. ಮುರಿದರೂ ಚಕ್ಕುಲಿ ಚಕ್ಕುಲಿಯೇ. ನಿಮ್ಮನ್ನು ನೋಡಿ ನಗುವ ಹಕ್ಕು ನನಗಿಲ್ಲ, ಆದರೂ ನಿಮ್ಮ ಕಥೆ ಹೇಳುತ್ತಾ ಈ ಜಾಗಕ್ಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ.

ಹಕ್ಕಿಲ್ಲ ಏಕೆಂದರೆ ನಮ್ಮ ಕಷ್ಟ ನಿಮ್ಮದಕ್ಕಿಂತ ದೊಡ್ಡದು. ನಮ್ಮ ಒಂದೊಂದು ಕೋಣೆಯ ಗೋಡೆಯಲ್ಲೂ ‘ತಿಂಡಿಕಿಂಡಿ’ ಎಂಬ ಸಣ್ಣ ಬಾಗಿಲಿದೆ. ಹಾಸಿಗೆಯಲ್ಲೇ ಮಲಗಿಕೊಂಡು ಮಿರ್ಚಿ ಎಂದು ಪಿಸುಗುಟ್ಟಿದರೆ ಸಾಕು, ಬಿಸಿಬಿಸಿ ಮಿರ್ಚಿ, ಜೊತೆಗೆ ಕೇಳದಿದ್ದರೂ ಮಂಡಕ್ಕಿ, ಬಂದು ಕೂರುತ್ತದೆ. ಬೆಳಗ್ಗೆ ಎದ್ದರೆ ‘ತೂಕಗನ್ನಡಿ’ ಇದೆ. ಅದರಲ್ಲಿ ಮುಖ ನೋಡಿಕೊಂಡರೆ ತೂಕದ ಜೊತೆಗೆ ರಾತ್ರಿ ಏನು ತಿಂದೆವೆಂಬುದನ್ನೂ ಮನೆಯವರಿಗೆಲ್ಲ ಕೇಳುವ ಹಾಗೆ ಹೇಳುತ್ತದೆ. ಇಂಥ ಮನೆಗಳಲ್ಲಿ ನಾವು ಬದುಕಿ ಉಳಿದಿರುವುದು ‘ಒಲೆಮಲಗು’ ಎಂಬ ಆಚಾರದಿಂದ. ಸಂಜೆ ಆರೂವರೆಗೆ ಬೀದಿಯ ಎಲ್ಲ ಮನೆಯವರೂ ಹೊಟ್ಟೆ ತುಂಬ ಉಣ್ಣುತ್ತಾರೆ. ಆಮೇಲೆ ಒಲೆ ಒರೆಸಿ, ತಿಂಡಿಕಿಂಡಿಯ ಬಾಯಿ ಮುಚ್ಚಿ, ಅಡುಗೆಮನೆಯ ಹೊಸ್ತಿಲಿಗೆ ರಂಗೋಲಿ ಎಳೆಯುತ್ತಾರೆ. ಬೆಳಗಾಗುವ ತನಕ ಯಾರೂ ಅದನ್ನು ದಾಟುವುದಿಲ್ಲ. ಮಕ್ಕಳಿಗೆ, ಕಾಯಿಲೆಯವರಿಗೆ ಬೇಕಾದ್ದನ್ನು ಮೊದಲೇ ಹೊರಗೆ ತೆಗೆದಿಡುತ್ತಾರೆ. ದೂರದ ಊರುಗಳವರೂ ಇದನ್ನು ಕಲಿತಿದ್ದಾರೆ. ಇದು ಎಲ್ಲಿಂದ ಬಂತೆಂದು ಅವರು ಕೇಳಿದಾಗ ನಾನು ಎದೆಯುಬ್ಬಿಸಿ ಪಡಸಾಲೆಯ ಕ್ಯಾಲೆಂಡರು ತೋರಿಸುತ್ತೇನೆ.

ಆ ಆಚಾರ ಶುರುವಾಗುವುದು ಇವತ್ತು, ನಿಮ್ಮ ಮನೆಯಲ್ಲಿ. ಅರ್ಧ ಖಾಲಿಯಾದ ಡಬ್ಬಿ ನೋಡಿ ನಿಮ್ಮ ಅತ್ತೆ ಹಾಲಮ್ಮನವರು ಬೈಯುತ್ತಾರೆಂದು ನೀವು ಹೆದರಿದ್ದೀರಿ. ಬೈಯುತ್ತಾರೆ, ನಿಜ. ಆದರೆ ಅವರು ಹೇಳುವ ಮಾತು ನಮ್ಮಲ್ಲಿ ಗಾದೆಯಾಗಿ ಉಳಿದಿದೆ: ‘ಸಂಜಿಗೆ ಉಣ್ಣದೆ ರಾತ್ರಿ ಡಬ್ಬಿ ಮುಂದೆ ನಿಂತ್ರೆ ಡಬ್ಬಿ ಸುಮ್ನೆ ಬಿಡ್ತತೇನು? ಮೊದ್ಲು ಹೊತ್ತಿಗೆ ಸರಿಯಾಗಿ ಉಣ್ಣು, ಆಮ್ಯಾಲೆ ದೇವ್ರು.’ ಅಷ್ಟು ಹೇಳಿ ಅವರೇ ಮಧ್ಯಾಹ್ನ ನಾಲ್ಕಕ್ಕೆ ಬಾಣಲೆ ಇಳಿಸುತ್ತಾರೆ, ಕಿಟಕಿ ತೆಗೆದು ಎಣ್ಣೆಯ ವಾಸನೆ ಹೊರಗೆ ಕಳಿಸುತ್ತಾರೆ. ಆರೂವರೆಗೆ ನಿಮ್ಮ ತಟ್ಟೆಗೆ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಕಾಳು ಹಾಕಿ, ಉಣ್ಣುವ ತನಕ ಎದುರಿಗೇ ಕೂರುತ್ತಾರೆ. ಚೂರಿನ ಡಬ್ಬಿ ಪಕ್ಕದ ಮನೆಗೆ ಹೋಗುತ್ತದೆ. ಕೊನೆಗೆ ಮೊಣಕಾಲು ನೋವಿನ ಆ ಮುದುಕಿ ಬಗ್ಗಿ ಹೊಸ್ತಿಲಿಗೆ ರಂಗೋಲಿ ಎಳೆದು, ‘ದಾಟಿದ್ರೆ ಬೆಳಿಗ್ಗೆ ನಂಗೆ ಗೊತ್ತಾಗ್ತತಿ, ನೋಡ್ಕೊ’ ಎನ್ನುತ್ತಾರೆ. ಇವತ್ತು ರಾತ್ರಿಯೂ ನಿಮಗೆ ಹನ್ನೊಂದಕ್ಕೆ ಎಚ್ಚರವಾಗುತ್ತದೆ. ಹೊಸ್ತಿಲ ತನಕ ಬರುತ್ತೀರಿ. ನೋವಿನ ಮೊಣಕಾಲಿನಲ್ಲಿ ಎಳೆದ ಗೆರೆಯನ್ನು ತುಳಿಯಲು ಮನಸ್ಸಾಗದೆ ನೀರು ಕುಡಿದು ಮಲಗುತ್ತೀರಿ.

ಕ್ಯಾಲೆಂಡರಿನ ಮುಂದಿನ ಮನೆಗಳಲ್ಲಿ ಏನಿದೆಯೆಂದೂ ಹೇಳಿಬಿಡುತ್ತೇನೆ. ನಲವತ್ತೆರಡಕ್ಕೆ ಗೀಟು, ನಲವತ್ತಮೂರಕ್ಕೆ ಗೀಟು. ಐವತ್ತಮೂರಕ್ಕೆ ಒಂದು ಸೊನ್ನೆ ಇದೆ, ಅದರ ಮರುದಿನ ಮತ್ತೆ ಗೀಟು. ಅವತ್ತು ನೀವು ಕೈಚೆಲ್ಲಿ ಕೂರಲಿಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಹೆಮ್ಮೆ. ಎಪ್ಪತ್ತನೆಯ ಮನೆಯಲ್ಲಿ ಎರಡೇ ಪದಗಳಿವೆ: ‘ಆಗ್ತತಿ ಅಂದ್ರು.’ ನಮ್ಮ ಕಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿದಷ್ಟು ಸಲೀಸಾಗಿ ಆಸ್ಪತ್ರೆಯಲ್ಲಿ ಹೊಸ ಯಕೃತ್ತು ಬೆಳೆಸುತ್ತಾರೆ, ಯಾರೂ ಯಾರಿಗೂ ಕೊಡಬೇಕಿಲ್ಲ. ಆದ್ದರಿಂದ ಒಬ್ಬಳು ಇನ್ನೊಬ್ಬಳಿಗಾಗಿ ರಾತ್ರಿ ರಾತ್ರಿ ತನ್ನ ನಾಲಿಗೆಯ ಜೊತೆ ಗುದ್ದಾಡಿದಳು ಎಂದರೆ ನಮ್ಮ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಇದನ್ನೆಲ್ಲ ನಾನು ಹೇಳಿದ್ದರಿಂದ ನೀವು ಗೆದ್ದಿರಿ ಎಂದುಕೊಳ್ಳಬೇಡಿ. ಈ ಪತ್ರ ತರುವ ‘ಹಿಂದಂಚೆ’ಯವರು, ಅಂದರೆ ಹಿಂದಿನ ಕಾಲಕ್ಕೆ ಟಪಾಲು ಒಯ್ಯುವವರು, ಬಲು ಕಟ್ಟುನಿಟ್ಟು. ನಡೆದುಹೋದದ್ದನ್ನು ಕೂದಲೆಳೆಯಷ್ಟಾದರೂ ಬದಲಿಸುವ ಪತ್ರವನ್ನು ಅವರು ಮುಟ್ಟುವುದಿಲ್ಲ. ನನ್ನ ಪತ್ರವನ್ನು ಎಂಟು ತಿಂಗಳು ಪರೀಕ್ಷಿಸಿ, ಇದು ಸಿಕ್ಕರೂ ಸಿಗದಿದ್ದರೂ ಆ ಹೆಂಗಸು ಗೆರೆ ದಾಟುವುದಿಲ್ಲ ಎಂದು ಬರೆದು ಮುದ್ರೆ ಒತ್ತಿದ್ದಾರೆ. ಹಾಗಾಗಿ ಗೆಲುವು ಪೂರ್ತಿ ನಿಮ್ಮದು, ನಿಮ್ಮ ಅತ್ತೆಯವರದು. ನನ್ನದು ಬರೀ ಶಾಬಾಸ್.

ಒಂದು ಕೋರಿಕೆ. ಇವತ್ತು ಆಸ್ಪತ್ರೆಗೆ ಹೋಗಿ ತಂಗಿಯ ಕೈ ಹಿಡಿದು ಕೂತು ಬನ್ನಿ. ಆ ಕೈಯ ಮೇಲೆ ನನಗೂ ಹಕ್ಕಿದೆ. ನಾನು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರ ಕಡೆಯವಳಲ್ಲ. ಆಪರೇಷನ್ ಆಗಿ ಮೂರು ವರ್ಷಕ್ಕೆ ಶಶಿರೇಖಾಳಿಗೆ ಒಂದು ಹೆಣ್ಣುಮಗು ಹುಟ್ಟುತ್ತದೆ. ಅವಳಿಗೆ ಏನು ಹೆಸರಿಡಬೇಕೆಂದು ಆ ಮನೆಯಲ್ಲಿ ಯಾರೂ ಯೋಚಿಸುವುದೇ ಇಲ್ಲ. ಅಂದಿನಿಂದ ತಲೆಮಾರಿಗೊಬ್ಬಳಿಗೆ ನಿಮ್ಮದೇ ಹೆಸರು.

ಸಂಜೆ ಆರೂವರೆಗೆ ಊಟಕ್ಕೆ ಕೂರಿ, ಅಜ್ಜಿ. ರೊಟ್ಟಿ ಆರಿಹೋಗುತ್ತದೆ.

ಇಂತಿ,
ನಿಮ್ಮ ತಂಗಿಯ ವಂಶದ
ಐದನೆಯ ಸರ್ವಮಂಗಳಾ