ಕೈ ಭಾರವಾದ ಕಾರಣ

ಅಪ್ಪಾ,

ನೀನಿರುವ ಕಡೆಗೆ ಅಂಚೆ ಇಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಬೆರಳು ಜುಮ್ಮೆನ್ನುತ್ತಿದೆಯೆಂದು ಇವತ್ತು ನರದ ಡಾಕ್ಟರಮ್ಮನ ಮುಂದೆ ಕೈಚಾಚಿ ಕೂತೆ. ಅವರು ತೋಳಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದರು. ಬೆರಳನ್ನು ಮೆಲ್ಲಗೆ ಎತ್ತಿದರೆ ಯಂತ್ರದಲ್ಲಿ ಟಕ್ ಟಕ್. ಬಲವಾಗಿ ಎತ್ತಿದರೆ ತಗಡಿನ ಮೇಲೆ ಆಲಿಕಲ್ಲು.

"ನನ್ನೊಳಗೆ ಇಷ್ಟೊಂದು ಜನ ಕೆಲಸ ಮಾಡ್ತಾರಾ ಡಾಕ್ಟ್ರೇ? ಹೊರಗೆ ಕಾಣೋದೇ ಇಲ್ವಲ್ಲ!"

"ಒಂದೊಂದು ನರದ ಕೈಕೆಳಗೆ ಒಂದಷ್ಟು ಸ್ನಾಯುವಿನ ಎಳೆ ಇರ್ತವೆ. ಸಣ್ಣ ಕೆಲಸಕ್ಕೆ ಒಂದೆರಡು ನರ ಸಾಕು. ಬಲ ಬೇಕಾದ್ರೆ ಇನ್ನಷ್ಟು ನರ ಸೇರ್ಕೊಳ್ತವೆ."

"ಕೆಲವು ನರ ಸತ್ತೇಹೋದ್ರೆ?"

"ಉಳಿದವು ಆ ಅನಾಥ ಎಳೆಗಳನ್ನ ದತ್ತು ತಗೊಳ್ತವೆ. ಆಮೇಲೆ ಒಂದು ಅಪ್ಪಣೆಗೆ ದೊಡ್ಡ ಗುಂಪೇ ಏಳುತ್ತೆ. ಎತ್ತಬಹುದು, ಒತ್ತಬಹುದು. ನಯವಾದ ಕೆಲಸ ಮಾತ್ರ ಕಷ್ಟ."

ನನ್ನ ನರಗಳು ನೆಟ್ಟಗಿವೆಯಂತೆ. ಆದರೂ ಏಳದೆ ಕೇಳಿದೆ: "ಶೇವಿಂಗ್ ಮಾಡೋರಿಗೆ ಹೀಗಾದ್ರೆ? ಸಿಟ್ಟಿಲ್ದೆ, ಅಸಡ್ಡೆ ಇಲ್ದೆನೂ ಕತ್ತಿ ಒತ್ತಿ ಬೀಳುತ್ತಾ?"

"ಬೀಳುತ್ತೆ. ಪಾಪ, ಅದು ಅವ್ರಿಗೂ ಗೊತ್ತಾಗ್ತಿರುತ್ತೆ."

ನಲವತ್ತು ವರ್ಷ ಊರಿಗೆಲ್ಲ ಕ್ಷೌರ ಮಾಡಿದ ನಿನ್ನ ಕೈ ಭಾರವಾದಾಗ, "ಅಪ್ಪಾ, ಇದು ಕೆನ್ನೆ, ಗೋಡೆಯಲ್ಲ" ಎಂದು ಗಿರಾಕಿಗಳನ್ನು ನಗಿಸಿದವನು ನಾನೇ. ಎಲ್ಲರಿಗಿಂತ ಮೊದಲು ಎದುರಂಗಡಿಗೆ ಕ್ಷೌರಕ್ಕೆ ಹೋದವನೂ ನಾನೇ. ಹಾಗೆ ಮೊದಲ ಸಲ ಹೋದ ಭಾನುವಾರ ನೀನು ಕುರ್ಚಿ ಒರೆಸಿ, ಟವೆಲ್ ಹಿಡಿದು ನನಗಾಗಿ ನಿಂತಿದ್ದೆ. ಆಫೀಸಿನಲ್ಲಿ ಮೀಟಿಂಗ್ ಇದೆ ಎಂದೆ ನಾನು. ಭಾನುವಾರ ಎಂಥ ಮೀಟಿಂಗೋ ಎಂದು ನೀನು ಕೇಳಲಿಲ್ಲ. ಟವೆಲನ್ನು ಮಡಿಸುತ್ತ ನೀನೇ, "ಹೊತ್ತಾಯ್ತು, ಹೊರಡಪ್ಪ" ಎಂದೆ.