ಸೆರಗಿನ ಕೆಳಗೆ ಹೇಳಿದ ದರ

ಭವಾನಿ ಪೇಠ, ಪುಣೆ
೯ ಡಿಸೆಂಬರ್ ೧೯೩೬

ನನ್ನ ಮಗಳು, ನನ್ನ ತಾಯಿ ಬಸವಣ್ಣೆವ್ವನಿಗೆ, ಅಪ್ಪ ಎಡಗೈಯಿಂದ ಮಾಡುವ ಆಶೀರ್ವಾದ. ಎಡಗೈ ಬೇಡವೆಂದು ನಿಮ್ಮವ್ವ ಗೊಣಗುತ್ತಿದ್ದಾಳೆ. ಬಲಗೈ ನನ್ನ ಮಾತು ಕೇಳುವಂತಾದಾಗ ಇನ್ನೊಮ್ಮೆ ಮಾಡುತ್ತೇನೆ.

ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ನಾನು ಬರೆದ ಮೊದಲ ಕಾಗದ ಇದು. ಅಕ್ಷರಗಳು ಕುಡಿದವರ ಹಾಗೆ ನಡೆಯುತ್ತಿವೆ, ನಿಧಾನವಾಗಿ ಓದು.

ಶ್ರಾವಣದಲ್ಲಿ ನೀನು ಬಂದಾಗ ನಾನು ಹೇಗಿದ್ದೆ ನೋಡಿದ್ದೀಯಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ವಾರ ಯಾವುದೆಂದು ಗೊತ್ತಿರಲಿಲ್ಲ, ಓಣಿಯವರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಬಂದರೂ ಹೇಳಿ ಏನಾಗಬೇಕು ಎನಿಸುತ್ತಿತ್ತು. ಬದುಕೇ ಬೇಡವಾಗಿತ್ತು. ನೀನು ಹೋದ ಮೇಲೆ ಡಾಕ್ಟರ್ ದಿಗಂಬರರಾವ್ ಮಂಚದ ಅಂಚಿಗೆ ಕೂತು ಮರಾಠಿಯಲ್ಲಿ ಹೇಳಿದರು: ಲಕ್ವಾ ಬುದ್ಧಿಯನ್ನು ಸ್ವಲ್ಪ ತಿಂದಿದೆ, ನಿಜ, ಉಳಿದದ್ದನ್ನು ದುಃಖ ಮುಚ್ಚಿಕೊಂಡು ಕೂತಿದೆ, ಮೊದಲು ಅದು ಏಳಲಿ, ಆಮೇಲೆ ಎಷ್ಟು ಹೋಗಿದೆ ನೋಡೋಣ. ಹೀಗೆ ಹೇಳಿದವರು ಅವರೊಬ್ಬರೇ. ಅತ್ತುಬಿಟ್ಟೆ.

ಅವರ ಮಾತಿನಂತೆ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತೆ. ದಸರೆಯ ಹೊತ್ತಿಗೆ ಬೆಲ್ಲದ ಗಾಡಿ ಹಾದುಹೋದರೆ ವಾಸನೆಯಿಂದಲೇ ದೌಂಡದ ಮಾಲೋ ಸಾಸವಡದ್ದೋ ಹೇಳುವಂತಾದೆ. ಹೆಸರುಗಳೂ ಮರಳಿದವು. ಕೆಲವು ಮಾತು ಮಾತ್ರ ಈಗಲೂ ಹೊಸ ನೆಂಟರಂತೆ ಹೊಸ್ತಿಲಲ್ಲಿ ನಿಂತು ನಾಚುತ್ತವೆ.

ದೀಪಾವಳಿ ಪಾಡ್ಯದಂದು ನಮ್ಮ ಬೆಲ್ಲದ ಅಂಗಡಿಯಲ್ಲಿ ಗಾದಿ ಪೂಜೆ. ನನ್ನ ಗಾದಿಯ ಮೇಲೆ ಮತ್ತೆ ಕೂತು ವ್ಯಾಪಾರ ನೋಡುತ್ತೇನೆ ಎಂದೆ. ನಿನ್ನ ಕಾಕಾ ಮಲಕಪ್ಪ ವ್ಯಾಪಾರಸ್ಥರ ಮುಂದೆ, "ಕೂಡಲಿ ಬಿಡ್ರಿ. ಮೊದ್ಲ ಅಣ್ಣ ಒಂದು ದರಾ ತಿಳಕೊಂಡು ತೋರಸ್ಲಿ" ಎಂದ.

ನಮ್ಮಲ್ಲಿ ದರ ಬಾಯಿಂದ ಹೇಳುವುದಿಲ್ಲ, ಹೆಗಲ ವಲ್ಲಿಯನ್ನು ಕೈಮೇಲೆ ಮುಚ್ಚಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಹೇಳುವುದು, ಎಷ್ಟು ಬೆರಳೋ ಅಷ್ಟು ರೂಪಾಯಿ. ನಿನಗೇನು ಹೇಳಲಿ, ಚಿಕ್ಕವಳಿದ್ದಾಗ ನಿಮ್ಮವ್ವನ ಸೆರಗು ಹೊದಿಸಿ ನನ್ನೊಡನೆ ಇದನ್ನೇ ಆಡುತ್ತಿದ್ದೆ. ಮಲಕಪ್ಪ ವಲ್ಲಿ ಹಾಕಿದ್ದು ನನ್ನ ಬಲಗೈ ಮೇಲೆ. ದಿನಾ ಅದಕ್ಕೆ ಎಣ್ಣೆ ತಿಕ್ಕುವವನು ಅವನೇ. ಚಿವುಟಿದರೂ ಅದಕ್ಕೆ ತಿಳಿಯದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದನ್ನೇ ಹೇಳಹೋದೆ. ಗಡಿಬಿಡಿಯಲ್ಲಿ ನಾಲಗೆ ತೊಡರಿತು.

"ನಾಕು ಬೆರಳು ಹಿಡದೀನಿ, ಗೊತ್ತಾಗವಲ್ದು. ಅಣ್ಣನ ಬುದ್ಧಿ ಹೋಗೇದ್ರಿ," ಎಂದ. ವ್ಯಾಪಾರಸ್ಥರಲ್ಲೊಬ್ಬ, ದೌಂಡದ ಕೃಷ್ಣಾಜಿ, ತಲೆ ತಗ್ಗಿಸಿದ. ನನ್ನನ್ನು ಟಾಂಗಾದಲ್ಲಿ ಮನೆಗೆ ಕಳಿಸಿದರು.

ಮತ್ತೆ ಗೋಡೆಗೆ ಮುಖ ಮಾಡಿದೆ. ಮರುದಿನ ಕೃಷ್ಣಾಜಿಯ ಹೆಸರೇ ನೆನಪಾಗಲಿಲ್ಲ. ಡಾಕ್ಟರು ಸಿಟ್ಟಾದರು: ಬುದ್ಧಿ ಹೋಗಿಲ್ಲ ಮಾರಾಯ, ಮನಸ್ಸು ಮತ್ತೆ ಬಿದ್ದಿದೆ, ಅದನ್ನು ಎಬ್ಬಿಸು. ಎಬ್ಬಿಸಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಗಾದಿಯ ಮೇಲೆ ಈಗ ನಿನ್ನ ಯಜಮಾನರು, ಅಳಿಯಂದಿರು ಈರಬಸಪ್ಪನವರು ಕೂತಿದ್ದಾರೆ. ಅಂಗಡಿಯ ಮೇಲಿನ ಕೋಣೆಯನ್ನು ಮಲಕಪ್ಪ ನಿಮಗಾಗಿ ಸುಣ್ಣ ಬಳಿಸಿದ್ದಾನೆ. ಸಂಕ್ರಾಂತಿಯೊಳಗೆ ನೀನೂ ಬರುತ್ತೀಯಂತೆ. ಪುಣೆಯ ಚಳಿ ಕೆಟ್ಟದ್ದು, ಕೂಸಿಗೆ ಕುಲಾವಿ ತಾ. ನಿನ್ನ ಸಂಸಾರ ತಣ್ಣಗಿರಲಿ, ತಾಯಿ.

ನಿನ್ನ ಅಪ್ಪ,
ಕಾಡಪ್ಪ

ತಾ.ಕ.: ಮಲಕಪ್ಪನ ಮಾತು ಬಿಡು, ಅಣ್ಣತಮ್ಮಂದಿರಲ್ಲಿ ಇಂಥದ್ದು ಇದ್ದದ್ದೇ. ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಆ ದಿನ ಕೃಷ್ಣಾಜಿ, ಎಡಗೈ ಹಿಡಿದು ನೋಡು ಎಂದ. ಅದಕ್ಕೆ ಮಲಕಪ್ಪ, "ಅದನೂ ನೋಡಿ ಆಗೇದ್ರಿ. ಅವನ ಮಗಳೇ ಹಿಡದು ನೋಡ್ಯಾಳ. ಅಪ್ಪಗ ಏನೂ ತಿಳಿಯಂಗಿಲ್ಲಂತ ಆಕೀನ ಹೇಳ್ಯಾಳ" ಎಂದ.

ಶ್ರಾವಣದಲ್ಲಿ ನನ್ನ ಎಡಗೈ ಮೇಲೆ ಸೆರಗು ಹೊದಿಸಿ ಮೂರು ಬೆರಳು ಹಿಡಿದೆಯಲ್ಲ. ಯಾರಿಗೂ ಉತ್ತರ ಕೊಡದ ದಿನಗಳವು. ನಿನಗೆ ಕೊಟ್ಟೆ, ನಿನ್ನ ಐದೂ ಬೆರಳು ಹಿಡಿದೆ. ನೀನು ನಕ್ಕು, "ತುಟ್ಟಿ ಆತಪ್ಪಾ" ಎಂದೆ.