ನಾನೂರು ಗ್ರಾಂ ತೂಕದ ಒಳಹಿಡಿಕೆ

ಎರಡನೆಯ ವೈಶಾಖದ ಮೂವತ್ತೆರಡನೇ ದಿನ, ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2291
ಕವಚಶಾಲೆ, ಕೋಲಾರದ ಹಳೆಯ ಚಿನ್ನದ ಗಣಿಯ ದಿಬ್ಬದ ಕೆಳಗೆ

ಕವಚಗಾಡಿಯ ಮೊದಲ ನಕ್ಷೆ ಬರೆಯಲಿರುವವರಿಗೆ,

ತಾರೀಖು ನೋಡಿ ನಕ್ಕಿದ್ದರೆ ಕ್ಷಮಿಸಿದ್ದೇನೆ. ನನ್ನ ಮಾತು ಅಲ್ಲಲ್ಲಿ ಅರ್ಥವಾಗದಿದ್ದರೆ ನೀವೂ ಕ್ಷಮಿಸಿ. ನಮ್ಮಲ್ಲಿ ನೀರಿನ ಸರದಿ ಬರುವವರೆಗೆ ತಿಂಗಳು ಮುಗಿಯುವುದಿಲ್ಲ. ಈ ಕಾಗದ ಇಷ್ಟು ವರ್ಷ ಹಿಂದಕ್ಕೆ ನಿಮಗೆ ಹೇಗೆ ತಲುಪಿತೆಂದು ಕೇಳಬೇಡಿ, ಹೇಳಿದರೆ ಆ ದಾರಿಯನ್ನೂ ಮುಚ್ಚುತ್ತಾರೆ. ನೀವು ಒಳ್ಳೆಯವರೆಂದು ನಂಬಿ ಬರೆಯುತ್ತಿಲ್ಲ. ಬೇರೆ ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮುನಿರತ್ನ, ಇಲ್ಲಿ ವೆಲ್ಡಿಂಗ್ ಕೆಲಸದವಳು. ನಾವು ಕಟ್ಟುವುದು ನಾಲ್ಕು ಚಕ್ರದ ಹಗುರ ಕವಚಗಾಡಿ. ಹಿಂದೆ ನೀರಿನ ಟ್ಯಾಂಕು ಎಳೆಯುತ್ತದೆ, ಮುಂದೆ ಬಂದ ಗುಂಡನ್ನು ತಡೆಯುತ್ತದೆ. ಅದನ್ನು ಓಡಿಸುವ ಇಲಾಖೆಗೆ ನೀರ್ಕಾವಲು ಎಂದು ಹೆಸರು. ನೀರನ್ನು ಯಾರಿಂದ ಕಾಯುತ್ತಾರೆಂದು ಕೇಳಿದರೆ ಕಳ್ಳರಿಂದ ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಂಡ ಕಳ್ಳರ ಕೈಯಲ್ಲೆಲ್ಲ ಖಾಲಿ ಬಿಂದಿಗೆಯೇ ಇತ್ತು.

ಗಣಿಯ ಕಾಲದಿಂದ ಉಳಿದ ಪದ್ಧತಿಯೊಂದು ನಮ್ಮಲ್ಲಿದೆ. ಗಾಡಿಯೊಳಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಗೋಡೆಯ ಹಲಗೆಗೆ ತೂಗುಹಾಕಬೇಕು. ಹೊರಬಂದ ಮೇಲೆ ತಮ್ಮ ಕೈಯಿಂದಲೇ ತೆಗೆಯಬೇಕು. ಸಂಜೆಗೆ ಬಿಲ್ಲೆ ತೂಗುತ್ತಿದ್ದರೆ ಮನೆಯವರು ಅಲ್ಲೇ ನಿಂತು ಅಳುತ್ತಾರೆ. ಇನ್ನೊಂದು ಪದ್ಧತಿಯನ್ನು ನಾವು ತಮಾಷೆಗೆ ಗುಂಡುಸೇವೆ ಅನ್ನುತ್ತೇವೆ. ಹೊಸ ಗಾಡಿಗೆ ಗುಂಡು ಹೊಡೆದು ಪರೀಕ್ಷಿಸುವಾಗ ತಗಡು ಬೆಸೆದವರೇ ಒಳಗೆ ಕೂರಬೇಕು. ಹಾಗಾಗಿ ಇಲ್ಲಿ ಯಾರೂ ಕಳ್ಳ ಬೆಸುಗೆ ಹಾಕುವುದಿಲ್ಲ.

ಈ ಸಲ ಮೇಸ್ತ್ರಿ ಸಂಪಂಗಿ ಬಂದು, "ನೀನು ಕೂತ್ಕೊಳ್ಳೋದೇನೂ ಬೇಡಮ್ಮ, ವಯಸ್ಸಾಯ್ತು" ಅಂದರು. ಇಪ್ಪತ್ತು ವರ್ಷ ಇಲ್ಲದ ಕರುಣೆ ಇವತ್ತೇ ಯಾಕೆ ಉಕ್ಕಿತು? ಹಟ ಮಾಡಿ ಬಿಲ್ಲೆ ತೂಗುಹಾಕಿ ಕೂತೆ. ಐದು ಗುಂಡು ಬಿದ್ದವು, ತಗಡು ಜಗ್ಗಲಿಲ್ಲ. ಇಳಿಯೋಣವೆಂದು ಕತ್ತಲಲ್ಲಿ ಕೈಯಾಡಿಸಿದರೆ ಬಾಗಿಲಿಗೆ ಹಿಡಿಕೆಯೇ ಇಲ್ಲ. ಇದ್ದ ಜಾಗದಲ್ಲಿ ಎರಡು ತೂತು. ಎರಡೂ ಕೈಯಿಂದ ತಗಡು ಬಡಿದೆ.

ಹೊರಗಿನಿಂದ ಬಾಗಿಲು ತೆಗೆದ ಸಂಪಂಗಿ ನಗುತ್ತಾ, "ನಾವು ತೆಗೀತೀವಲ್ಲ, ಯಾಕೆ ಗಾಬರಿ? ತೂಕ ಕಮ್ಮಿ ಮಾಡೋಕೆ ತೆಗ್ಸಿದ್ದು" ಅಂದರು. ತೂಕವಂತೆ! ಅಡುಗೆಮನೆಯ ತಕ್ಕಡಿ ತಂದು ತೂಗಿದೆ. ಬಿಚ್ಚಿದ ಹಿಡಿಕೆ ನಾನೂರು ಗ್ರಾಂ. ಹೊರಗೆ ಹೊಸದಾಗಿ ಕೂರಿಸಿದ ಬೀಗ ಎರಡು ಕೆಜಿ.

ಆ ಗಾಡಿ ಓಡಿಸಬೇಕಾದವಳು ನನ್ನ ತಂಗಿ ನಾಗವೇಣಿ. ಹೋದ ತಿಂಗಳು ಕ್ಯಾಸಂಬಳ್ಳಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರನ್ನು ಕಂಡು ತನ್ನ ಹಳೆಯ ಗಾಡಿ ನಿಲ್ಲಿಸಿ, ಇಳಿದು, ಟ್ಯಾಂಕಿನ ನಲ್ಲಿ ತಿರುಗಿಸಿದ್ದಳು. ಅದಾದ ವಾರಕ್ಕೇ ಹೊಸ ಗಾಡಿಯ ಹಿಡಿಕೆ ಹೋಯಿತು. ಕವಚ ಹೊರಗಿನವರನ್ನು ತಡೆಯಲಿಕ್ಕೆ ಎಂದು ನಂಬಿ ಇಪ್ಪತ್ತು ವರ್ಷ ಬೆಸೆದೆ. ನಡುದಾರಿಯಲ್ಲಿ ಗಾಡಿಗೆ ಬೆಂಕಿ ಬಿದ್ದರೆ ನಾಗವೇಣಿ ಹೇಗೆ ಇಳಿಯುತ್ತಾಳೆ? ಕೇಳಿದೆ. ಸಂಪಂಗಿ ತಕ್ಕಡಿಯನ್ನು ಅಡುಗೆಮನೆಗೆ ವಾಪಸು ಕಳಿಸಿದರು.

ನಿಮ್ಮ ನಕ್ಷೆಯ ನಕಲು ಇಲ್ಲಿನ ಗೋಡೆಯ ಮೇಲಿದೆ. ಅದರಲ್ಲಿ ಒಳಹಿಡಿಕೆ ಇದೆ, ಎರಡೇ ಎರಡು ಬೋಲ್ಟಿನ ಮೇಲೆ. ಕಾಲು ಗಂಟೆಯಲ್ಲಿ ಬಿಚ್ಚಬಹುದು. ಮುಂದೆ ಯಾರಾದರೂ ಬಿಚ್ಚಲಿ ಎಂದೇ ಹಾಗೆ ಬರೆದಿರಾ? ತಪ್ಪು ತಿಳಿಯಬೇಡಿ, ಅನುಮಾನ ನನ್ನ ಹುಟ್ಟುಗುಣ.

ನಾನು ಮಾಡಿದ್ದು ಇಷ್ಟು. ಡ್ರೈವರ್ ಸೀಟಿನ ಕೆಳಗೆ ಕಾಣದ ಹಾಗೆ ಇನ್ನೊಂದು ಹಿಡಿಕೆ ಬೆಸೆದು ಬಾಗಿಲಿಗೆ ಜೋಡಿಸಿದೆ. ಹೊರಡುವ ಮುನ್ನ ಪ್ರತಿ ಗಾಡಿಯನ್ನೂ ತೂಗುತ್ತಾರೆ, ಹೆಚ್ಚಿನ ನಾನೂರು ಗ್ರಾಂ ಸಿಕ್ಕಿಬೀಳುತ್ತದೆ. ಅದಕ್ಕೆ ಹೊರಗಿನ ಬೀಗವನ್ನೇ ಒಳಗಿನಿಂದ ಕೊರೆದು, ಆ ಹಿಡಿಕೆಯನ್ನು ಜೋರಾಗಿ ಎಳೆದರೆ ಮುರಿಯುವಷ್ಟು ಟೊಳ್ಳು ಮಾಡಿದೆ. ತೂಕ ಸರಿಹೋಯಿತು. ಸೀಟು ಒರೆಸುವ ನೆಪದಲ್ಲಿ ನಾಗವೇಣಿಯ ಕೈ ಹಿಡಿದು ಆ ಜಾಗ ಮುಟ್ಟಿಸಿದೆ. "ಅಕ್ಕಾ, ನಿನ್ ಅನುಮಾನ ನಿನ್ನ ಬಿಡಲ್ಲ ನೋಡು" ಎಂದು ನಕ್ಕಳು. ಆಮೇಲೆ ನನ್ನ ಕೈಯನ್ನು ಬೇಗ ಬಿಡಲಿಲ್ಲ.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಮೂರು ದಿನ ಕಳೆದಿವೆ. ಇವತ್ತು ಮಧ್ಯಾಹ್ನ ಗಾಡಿಯನ್ನು ಎಳೆದು ತಂದರು. ಬೀಗ ಒಳಗಿನ ಎಳೆತಕ್ಕೆ ಮುರಿದಿದೆ, ಬಾಗಿಲು ತೆರೆದಿದೆ, ಟ್ಯಾಂಕಿನಲ್ಲಿ ಒಂದು ಹನಿಯಿಲ್ಲ. ರಸ್ತೆಯಲ್ಲಿ ರಕ್ತ ಬಿದ್ದಿಲ್ಲವಂತೆ, ಬಿಂದಿಗೆಯ ಗುರುತುಗಳು ಮಾತ್ರ ಇವೆಯಂತೆ. ನಾಗವೇಣಿ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಸಂಪಂಗಿ ಸೀಟಿನ ಕೆಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಾರೆ, ಹೆಚ್ಚು ಹೊತ್ತು ಬೇಕಾಗಲಿಕ್ಕಿಲ್ಲ.

ಅದಕ್ಕೇ ಬೇಗ ಕೇಳಿಬಿಡುತ್ತೇನೆ. ನಿಮ್ಮ ನಕ್ಷೆಯಲ್ಲಿ ಆ ಎರಡು ಬೋಲ್ಟು ಬೇಡ. ಹಿಡಿಕೆಯನ್ನು ಬಾಗಿಲಿನೊಂದಿಗೇ ಎರಕ ಹೊಯ್ಯಿಸಿ. ಅದನ್ನು ಕಿತ್ತರೆ ಬಾಗಿಲೇ ನಿಲ್ಲಬಾರದು. ಆಮೇಲೆ ನೀವೇ ಒಳಗೆ ಕೂತು, ಹೊರಗಿನಿಂದ ಬಾಗಿಲು ಹಾಕಿಸಿಕೊಂಡು, ಒಮ್ಮೆ ಇಳಿದು ನೋಡಿ.

ನನ್ನ ತಂಗಿಯ ಬಿಲ್ಲೆ ಹಲಗೆಯ ಮೇಲೆ ಇನ್ನೂ ತೂಗುತ್ತಿದೆ. ಜೊತೆಯವರು ಅಳಲು ಬಂದು ನಿಂತಿದ್ದಾರೆ. ನಾನು ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೇನೆ.

ಮುನಿರತ್ನ